ಶೌಚಾಲಯದಿಂದ ಪೋಲಿಯೋ ಹನಿಯವರೆಗೆ: ಒಂದು ಸೇವಾ ಕ್ಲಬ್ಬಿನ ಇತಿಹಾಸ ಮತ್ತು ನಾವು

ಹಜ್‌ಗೆ ಹೊರಡುವವರಿಗಾಗಿ ಪ್ರತಿವರ್ಷ ಲಸಿಕೆ ಶಿಬಿರ ನಡೆಯುತ್ತದೆ. ಮೆದುಳು ಜ್ವರದ ಚುಚ್ಚುಮದ್ದು, ವಯಸ್ಸಾದವರಿಗೆ ಫ್ಲೂ ಲಸಿಕೆ, ಜೊತೆಗೆ ಬಾಯಿಗೆ ಎರಡು ಹನಿ ಪೋಲಿಯೋ. ಬಿಳಿ ಗಡ್ಡದ ಹಿರಿಯರು ಮಕ್ಕಳ ಹಾಗೆ ಬಾಯಿ ತೆರೆದು ಕೂರುವುದನ್ನು ಕಂಡು, ಬೀಳ್ಕೊಡಲು ಬಂದ ಮೊಮ್ಮಕ್ಕಳು ನಗುವುದುಂಟು. "ಇದು ಮಕ್ಕಳ ಮದ್ದಲ್ವಾ? ದಾದಾಗೆ ಯಾಕೆ?" ಎಂದು ಮಗು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಉತ್ತರ ಗೊತ್ತಿರುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ನಾವು ಬಹಳ ದೂರ ಹೋಗಬೇಕಾಗುತ್ತದೆ. ಆ ದಾರಿಯಲ್ಲಿ ಶಿಕಾಗೋದ ವ್ಯಾಪಾರಿಗಳು ಸಿಗುತ್ತಾರೆ, ಮೊರಾದಾಬಾದಿನ ಓಣಿಗಳಲ್ಲಿ ಮನೆ ಮನೆ ಅಲೆದ ಹೆಣ್ಣುಮಕ್ಕಳು ಸಿಗುತ್ತಾರೆ, ಮಸೀದಿಯ ಮೈಕಿನಲ್ಲಿ "ಇಂದು ನಿಮ್ಮ ಮಕ್ಕಳನ್ನು ಬೂತಿಗೆ ಕರೆತನ್ನಿ" ಎಂದು ಕೂಗಿ ಹೇಳಿದ ಇಮಾಮರೂ ಸಿಗುತ್ತಾರೆ. ಪೋಲಿಯೋ ಭಾನುವಾರಗಳಲ್ಲಿ ಶಾಲೆಯ ಜಗಲಿಯಲ್ಲೋ ಬಸ್ ನಿಲ್ದಾಣದಲ್ಲೋ ಹಾಕಿದ ಮೇಜಿನ ಹಿಂದೆ ಹಲ್ಲುಚಕ್ರದ ಗುರುತಿರುವ ಬ್ಯಾನರ್ ಒಂದನ್ನು ನಾವೆಲ್ಲ ನೋಡಿದ್ದೇವೆ. ಅದು ರೋಟರಿ ಕ್ಲಬ್ಬಿನ ಗುರುತು. ಆ ಕ್ಲಬ್ ಎಲ್ಲಿಂದ ಬಂತು, ಏನು ಮಾಡಿತು, ಎಲ್ಲಿ ಎಡವಿತು, ನಮ್ಮ ಸಮುದಾಯಕ್ಕೂ ಅದಕ್ಕೂ ಎಲ್ಲಿ ಭೇಟಿಯಾಯಿತು ಎಂಬುದನ್ನು ಈ ಬಾರಿ ತಿಳಿದುಕೊಳ್ಳೋಣ.

ನಾಲ್ವರ ಸಭೆ

1905ರ ಫೆಬ್ರವರಿ 23ರ ಸಂಜೆ ಶಿಕಾಗೋ ನಗರದ ಯೂನಿಟಿ ಕಟ್ಟಡದ ಒಂದು ಸಣ್ಣ ಕಚೇರಿಯಲ್ಲಿ ನಾಲ್ವರು ಸೇರಿದರು. ಪಾಲ್ ಹ್ಯಾರಿಸ್ ವಕೀಲ. ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲು ವ್ಯಾಪಾರಿ. ಗುಸ್ಟಾವಸ್ ಲೋರ್ ಗಣಿ ಇಂಜಿನಿಯರ್, ಕಚೇರಿ ಅವನದೇ. ಹೈರಮ್ ಶೋರಿ ಬಟ್ಟೆ ಹೊಲಿಸಿ ಮಾರುವವನು. ಹ್ಯಾರಿಸ್ ಬಾಲ್ಯದಲ್ಲಿ ಅಜ್ಜ–ಅಜ್ಜಿಯ ಆಶ್ರಯದಲ್ಲಿ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಲ್ಲಿ ಬೆಳೆದವರು. ಅಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿತ್ತು. ಶಿಕಾಗೋದಲ್ಲಿ ದುಡಿಮೆಯಿತ್ತು, ಗೆಳೆಯರಿರಲಿಲ್ಲ. ದೊಡ್ಡ ಪಟ್ಟಣದಲ್ಲಿ ಸಣ್ಣ ಊರಿನ ಸ್ನೇಹ ಸಿಗಬೇಕು ಎಂಬ ಆಸೆಯೇ ಆ ಸಭೆಗೆ ಕಾರಣ. ಒಂದು ವಾರ ಒಬ್ಬರ ಕಚೇರಿ, ಮುಂದಿನ ಸಲ ಇನ್ನೊಬ್ಬರ ಕಚೇರಿ ಎಂದು ಸಭೆ ಸುತ್ತುತ್ತಾ ಹೋದದ್ದರಿಂದ 'ರೋಟರಿ' ಎಂಬ ಹೆಸರು ಬಂತು.

ಶುರುವಿನಲ್ಲಿ ಅದು ಸೇವಾ ಸಂಸ್ಥೆಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಸದಸ್ಯರು ಪರಸ್ಪರ ವ್ಯಾಪಾರ ಕೊಡಬೇಕು, ಒಬ್ಬರಿಂದ ಒಬ್ಬರಿಗೆ ಲಾಭವಾಗಬೇಕು ಎಂಬುದು ಆಗಿನ ನಡೆ. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಡಿಸಿದರು ಎಂದು ಲೆಕ್ಕ ಬರೆಯಲು ಒಬ್ಬ ಪದಾಧಿಕಾರಿಯೇ ಇದ್ದ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಸೇರಲು ಕರೆದಾಗ ಅವನು ಒಪ್ಪಲಿಲ್ಲ. ತನ್ನ ಸದಸ್ಯರ ಹೊಟ್ಟೆಯನ್ನಷ್ಟೇ ನೋಡುವ, ಊರಿಗೆ ಏನೂ ಮಾಡದ ಕೂಟಕ್ಕೆ ಭವಿಷ್ಯವಿಲ್ಲ ಎಂಬುದು ಅವನ ವಾದ. ಹಾಗಾದರೆ ಒಳಗೆ ಬಂದು ನೀನೇ ಬದಲಾಯಿಸು ಎಂದರು. ಅವನು ಬಂದ, ಕ್ಲಬ್ಬಿನ ಉದ್ದೇಶಗಳಲ್ಲಿ ಊರಿನ ಹಿತವೂ ಸೇರಿತು.

ಮೊದಲ ಕೆಲಸ ಏನು ಗೊತ್ತೇ? ಸಾರ್ವಜನಿಕ ಶೌಚಾಲಯ. 1907ರಲ್ಲಿ ಶಿಕಾಗೋದ ನಡುಪೇಟೆಗೆ ಬಂದ ಮನುಷ್ಯನಿಗೆ ಅವಸರವಾದರೆ ಹೋಗಲು ಜಾಗವಿರಲಿಲ್ಲ. ಗಂಡಸರು ಮದ್ಯದಂಗಡಿಗೆ ನುಗ್ಗಬೇಕು, ಹೆಂಗಸರು ದೊಡ್ಡ ಜವಳಿ ಮಳಿಗೆಯನ್ನು ಹೊಕ್ಕಬೇಕು. ಎರಡೂ ಕಡೆ ಏನಾದರೂ ಕೊಳ್ಳದೆ ಹೋಗಲು ಸಂಕೋಚ. ಕ್ಲಬ್ಬು ನಗರಾಡಳಿತದ ಬೆನ್ನು ಬಿದ್ದಿತು. ವಿರೋಧ ಬಂದದ್ದು ಇದೇ ಎರಡು ಕಡೆಯಿಂದ. ಮದ್ಯ ತಯಾರಕರು ತಮ್ಮ ಅಂಗಡಿಗಳಲ್ಲೇ ಆ ಸೌಕರ್ಯ ಇದೆಯಲ್ಲ ಎಂದರು, ಮಳಿಗೆಯವರೂ ಹಾಗೆಯೇ ಹೇಳಿದರು. ಕೊನೆಗೆ ಕ್ಲಬ್ಬಿನವರು ಗೆದ್ದು ಶೌಚಾಲಯ ಕಟ್ಟಿಸಿದರು. ಊಟದ ಕೂಟವೊಂದು ಊರಿನ ಕೂಟವಾದದ್ದು ಅಲ್ಲಿಂದ. ಹೆಸರು ಬರುವಂಥ ಕೆಲಸವಲ್ಲ ಅದು. ಊರಿನವರಿಗೆ ಅದೇ ಬೇಕಾಗಿತ್ತು.

ನಮ್ಮ ದೇಶಕ್ಕೆ ಬಂದಾಗ

ಭಾರತದ ಮೊದಲ ರೋಟರಿ ಕ್ಲಬ್ 1919ರಲ್ಲಿ ಕೋಲ್ಕತ್ತಾದಲ್ಲಿ ಆರಂಭವಾಯಿತು. 1920ರ ಜನವರಿ 1ರಂದು ಅಧಿಕೃತ ಸನ್ನದು ದೊರೆಯಿತು. 1930ರ ದಶಕದಲ್ಲಿ ಬೆಂಗಳೂರಿಗೂ ಬಂತು. ಅದೇ ಕೋಲ್ಕತ್ತಾ ಕ್ಲಬ್ಬಿನ ನಿತೀಶ್ ಲಾಹಿರಿ 1962ರಲ್ಲಿ ಇಡೀ ಸಂಸ್ಥೆಯ ಅಂತಾರಾಷ್ಟ್ರೀಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಏಷ್ಯನ್ ಅವರು.

ಆದರೆ ನಮ್ಮ ಮೊಹಲ್ಲಾಗಳಿಂದ ನೋಡಿದಾಗ ರೋಟರಿ ಬಹುಕಾಲ ದೊಡ್ಡವರ ಕ್ಲಬ್ಬಾಗಿಯೇ ಕಂಡಿತು. ಕರೆದವರಿಗಷ್ಟೇ ಪ್ರವೇಶ. ಒಂದೊಂದು ವೃತ್ತಿಯಿಂದ ಒಬ್ಬರನ್ನು ತೆಗೆದುಕೊಳ್ಳುವ ಪದ್ಧತಿ. ಹೋಟೆಲಿನಲ್ಲಿ ಊಟ, ಕೋಟು, ಇಂಗ್ಲಿಷ್ ಮಾತು. ಬೀಡಿ ಕಟ್ಟುವವರಿಗೆ, ಹಮಾಲಿಗಳಿಗೆ ಅಲ್ಲಿ ಏನು ಕೆಲಸ? ಹೆಂಗಸರಿಗೂ ಜಾಗವಿರಲಿಲ್ಲ. ಅಮೆರಿಕದ ಡುವಾರ್ಟೆ ಎಂಬ ಊರಿನ ಕ್ಲಬ್ 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಅದರ ಮಾನ್ಯತೆಯನ್ನೇ ಕಿತ್ತುಕೊಂಡರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ತೀರ್ಪು ಮಹಿಳೆಯರ ಪರ ಬಂದ ಮೇಲೆ, 1989ರಲ್ಲಿ ಸಂಸ್ಥೆ ತನ್ನ ನಿಯಮವನ್ನೇ ತಿದ್ದಿತು.

ಧಾರ್ಮಿಕ ವಲಯಗಳಲ್ಲೂ ಸಂಶಯವಿತ್ತು. 1929ರಲ್ಲಿ ವ್ಯಾಟಿಕನ್ ತನ್ನ ಪಾದ್ರಿಗಳು ರೋಟರಿ ಸೇರುವುದು ತಕ್ಕುದಲ್ಲ ಎಂದಿತ್ತು. ಅರಬ್ ದೇಶಗಳ ಕೆಲವು ಉಲಮಾಗಳು ಇದು ಫ್ರೀಮೇಸನ್ ಎಂಬ ಗುಪ್ತ ಕೂಟದ ಇನ್ನೊಂದು ಮುಖವಿರಬೇಕೆಂದು ಎಚ್ಚರಿಸಿದ್ದರು. ಮತ್ತೊಂದೆಡೆ ನಾಝಿಗಳಿಗೂ ಅದು ಬೇಡವಾಗಿತ್ತು. 1937ರಲ್ಲಿ ಜರ್ಮನಿಯ ರೋಟರಿ ಕ್ಲಬ್ಬುಗಳು ಬಾಗಿಲು ಮುಚ್ಚಿದವು. ಒಂದು ಸಂಘ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತಿನಿಂದ ಇಂಥ ಸಂಶಯ ಹೋಗುವುದಿಲ್ಲ. ಜನ ಅದರ ಕೆಲಸವನ್ನು ಕಣ್ಣಾರೆ ಕಾಣಬೇಕಾಗುತ್ತದೆ. ರೋಟರಿಗೆ ಆ ಪರೀಕ್ಷೆ ಎದುರಾದದ್ದು ಪೋಲಿಯೋ ವಿಷಯದಲ್ಲಿ.

ಒಂದೇ ಕೆಲಸ ಹಿಡಿದದ್ದು

ರೋಟರಿ ಕ್ಲಬ್ಬುಗಳು ಎಲ್ಲ ಊರಿನಲ್ಲೂ ಚಿಕ್ಕಪುಟ್ಟ ಕೆಲಸ ಮಾಡುತ್ತಲೇ ಬಂದಿವೆ: ಕಣ್ಣಿನ ತಪಾಸಣೆ, ಶಾಲೆಗೆ ಬೆಂಚು, ರಕ್ತದಾನ. ಬೆಂಗಳೂರಿನಲ್ಲಿ 1984ರಲ್ಲಿ ರೋಟರಿ ಮತ್ತು ಟಿಟಿಕೆ ಸಂಸ್ಥೆಯ ಜೊತೆಗೂಡುವಿಕೆಯಿಂದ ಶುರುವಾದ ರಕ್ತನಿಧಿ ಇಂದಿಗೂ ನಡೆಯುತ್ತಿದೆ. ಆದರೆ ಎಲ್ಲ ದೇಶದ ಎಲ್ಲ ಕ್ಲಬ್ಬುಗಳೂ ಒಟ್ಟಿಗೆ ಹೆಗಲು ಕೊಡುವ ಒಂದು ಕೆಲಸ 1970ರ ದಶಕದ ಕೊನೆಯವರೆಗೆ ಇರಲಿಲ್ಲ.

ಆಗ ಜಗತ್ತು ಸಿಡುಬನ್ನು ಗೆದ್ದಿತ್ತು. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ರೋಗಿ 1977ರಲ್ಲಿ ಸೋಮಾಲಿಯಾದಲ್ಲಿ ಕಂಡುಬಂದಿದ್ದ. ಒಂದು ರೋಗವನ್ನು ಭೂಮಿಯಿಂದಲೇ ಅಳಿಸಬಹುದಾದರೆ ಇನ್ನೊಂದನ್ನು ಏಕೆ ಆಗದು ಎಂದು ರೋಟರಿಯ ಆಗಿನ ಅಧ್ಯಕ್ಷ, ಆಸ್ಟ್ರೇಲಿಯಾದ ಕ್ಲೆಮ್ ರೆನೂಫ್ ಯೋಚಿಸಿದರು. ವೈದ್ಯರು ಪೋಲಿಯೋ ಹೆಸರು ಸೂಚಿಸಿದರು. 1979ರ ಸೆಪ್ಟೆಂಬರ್ 29ರಂದು ಫಿಲಿಪ್ಪೀನ್ಸ್ ದೇಶದ ಮನಿಲಾ ಬಳಿಯ ಒಂದು ಆರೋಗ್ಯ ಕೇಂದ್ರದಲ್ಲಿ ಮೊದಲ ಹನಿ ಹಾಕಲಾಯಿತು. ಆ ದೇಶದ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವುದು ಗುರಿ. ನಮ್ಮ ನೆರೆಯ ವೆಲ್ಲೂರಿನಲ್ಲಿಯೂ 1980ರ ದಶಕದ ಆರಂಭದಲ್ಲೇ ಡಾ. ಟಿ. ಜೇಕಬ್ ಜಾನ್ ಅವರು ಸ್ಥಳೀಯ ರೋಟರಿಯ ನೆರವಿನಿಂದ, ನಿಗದಿತ ದಿನದಲ್ಲಿ ಊರಿನ ಎಲ್ಲ ಮಕ್ಕಳಿಗೂ ಒಟ್ಟಿಗೆ ಹನಿ ಹಾಕುವ ಪ್ರಯೋಗ ಮಾಡಿ ತೋರಿಸಿದ್ದರು. ಮುಂದೆ ದೇಶವೆಲ್ಲ ಕಂಡ 'ಪಲ್ಸ್ ಪೋಲಿಯೋ'ದ ಬೇರು ಅದರಲ್ಲಿದೆ.

1985ರಲ್ಲಿ ರೋಟರಿ 'ಪೋಲಿಯೋ ಪ್ಲಸ್' ಎಂಬ ಯೋಜನೆ ಘೋಷಿಸಿ 12 ಕೋಟಿ ಡಾಲರ್ ಸಂಗ್ರಹಿಸುವುದಾಗಿ ಹೇಳಿತು. ಮೂರು ವರ್ಷಗಳಲ್ಲಿ ಅದರ ದುಪ್ಪಟ್ಟು, 24.7 ಕೋಟಿ ಡಾಲರ್ ಬಂತು. 1988ರಲ್ಲಿ ವಿಶ್ವ ಆರೋಗ್ಯ ಸಭೆ ಪೋಲಿಯೋವನ್ನು ಜಗತ್ತಿನಿಂದ ಅಳಿಸುವ ನಿರ್ಣಯ ಮಾಡಿದಾಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಈ ರೋಗಕ್ಕೆ ಕಾಲು ಕಳೆದುಕೊಳ್ಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ಜೊತೆ ಒಂದು ಸ್ವಯಂಸೇವಾ ಸಂಸ್ಥೆಯೂ ಸಮಾನ ಪಾಲುದಾರನಾಗಿ ನಿಂತದ್ದು ವಿಶೇಷ.

ಪೋಲಿಯೋ ಏಕೆ ಇಷ್ಟು ಹಠಮಾರಿ ಎಂಬುದನ್ನು ತಿಳಿದರೆ ಮುಂದಿನ ಕಥೆ ಅರ್ಥವಾಗುತ್ತದೆ. ಈ ವೈರಸ್ ಮಲದ ಮೂಲಕ ಹೊರಬಂದು, ಕೊಳಕು ನೀರು ಮತ್ತು ತೊಳೆಯದ ಕೈಗಳಿಂದ ಇನ್ನೊಂದು ಮಗುವಿನ ಬಾಯಿಗೆ ಸೇರುತ್ತದೆ. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಬಡಿಯುತ್ತದೆ. ಉಳಿದವರು ಆರೋಗ್ಯವಾಗಿಯೇ ಕಾಣುತ್ತಾ, ತಮಗೇ ತಿಳಿಯದಂತೆ ವೈರಸ್ ಹರಡುತ್ತಿರುತ್ತಾರೆ. ಆದ್ದರಿಂದ ನೂರರಲ್ಲಿ ತೊಂಬತ್ತು ಮನೆಗಳಿಗೆ ಹನಿ ಹಾಕಿದರೆ ಸಾಲದು. ಬಿಟ್ಟುಹೋದ ಹತ್ತು ಮನೆಗಳಲ್ಲಿ ಅದು ಬದುಕಿಕೊಳ್ಳುತ್ತದೆ. ಬಾಗಿಲು ಮುಚ್ಚಿಕೊಂಡ ಮನೆಯೇ ಈ ಹೋರಾಟದ ನಿಜವಾದ ಅಖಾಡ.

ಮುಚ್ಚಿದ ಬಾಗಿಲುಗಳು

1995ರ ಡಿಸೆಂಬರಿನಲ್ಲಿ ದೇಶಾದ್ಯಂತ ಪಲ್ಸ್ ಪೋಲಿಯೋ ಆರಂಭವಾಯಿತು. ಪ್ರತಿ ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ ಹನಿ, ಅದಕ್ಕಾಗಿ 20 ಲಕ್ಷಕ್ಕೂ ಹೆಚ್ಚು ಕಾರ್ಯಕರ್ತರು. ಭಾನುವಾರ ಬೂತು, ಬಳಿಕ ಮನೆ ಮನೆ ಭೇಟಿ. ಎಡಗೈಯ ಕಿರುಬೆರಳಿಗೆ ಶಾಯಿ. ಎಲ್ಲ ಮಕ್ಕಳಿಗೂ ಹನಿ ಹಾಕಿಯಾದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ', ಮಗು ತಪ್ಪಿಹೋದ ಅಥವಾ ಬೇಡವೆಂದ ಮನೆಗೆ 'ಎಕ್ಸ್'.

2002ರಲ್ಲಿ ಆಘಾತ ಕಾದಿತ್ತು. ಆ ವರ್ಷ ಭಾರತದಲ್ಲಿ 1,600 ಮಕ್ಕಳಿಗೆ ಪೋಲಿಯೋ ತಗಲಿತು. ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಐದರಲ್ಲಿ ನಾಲ್ಕು ಪಾಲು ನಮ್ಮಲ್ಲೇ. ಅದರಲ್ಲಿ 1,242 ಉತ್ತರ ಪ್ರದೇಶ ಒಂದರಲ್ಲೇ. ಮೊರಾದಾಬಾದ್ ಮತ್ತು ಸುತ್ತಲಿನ ಜಿಲ್ಲೆಗಳು ಅದರ ಕೇಂದ್ರ. ಆ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಐದರಲ್ಲೊಂದು ಪಾಲಿಗಿಂತ ಕಡಿಮೆ. ಆದರೆ ಕಾಲು ಕಳೆದುಕೊಂಡ ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮ ಮನೆಗಳವರು. ಈ ಸಾಲನ್ನು ಬರೆಯುವುದು ನಮಗೆ ಸುಲಭವಲ್ಲ. ಆದರೆ ಇದನ್ನು ಬಿಟ್ಟು ಇತಿಹಾಸ ಬರೆದರೆ ಆ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಏಕೆ ಹೀಗಾಯಿತು? "ಈ ಹನಿ ಕುಡಿದ ಗಂಡುಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ, ಮುಸ್ಲಿಮರ ಸಂಖ್ಯೆ ಇಳಿಸಲು ಮಾಡಿದ ಸಂಚು" ಎಂಬ ಪುಕಾರು ಹಬ್ಬಿತ್ತು. ಅದು ಶುದ್ಧ ಸುಳ್ಳು. ಆದರೆ ಜನ ಸುಮ್ಮನೆ ನಂಬಿದರೇ? 1975–77ರ ತುರ್ತುಸ್ಥಿತಿಯಲ್ಲಿ ಇದೇ ಭಾಗದಲ್ಲಿ ಬಲವಂತದ ಸಂತಾನಹರಣ ನಡೆದಿತ್ತು. 1976ರಲ್ಲಿ ಮುಝಫ್ಫರ್‌ನಗರದಲ್ಲಿ ಅದನ್ನು ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತ್ತು. ಆ ನೆನಪು ಇನ್ನೂ ಹಸಿಯಾಗಿದ್ದ ಮನೆಗಳಿಗೆ ಸರಕಾರದ ಜನ ಚೀಲ ಹೊತ್ತು ಬಂದು ಮತ್ತೆ ಮತ್ತೆ ಮಗುವಿನ ಬಾಯಿ ತೆರೆಸಿದರೆ ಸಂಶಯ ಬಾರದಿರುತ್ತದೆಯೇ?

ಇನ್ನೊಂದು ಪ್ರಶ್ನೆಯನ್ನು ಅಲ್ಲಿನ ತಾಯಂದಿರು ಕೇಳುತ್ತಿದ್ದರು. ನಮ್ಮ ಓಣಿಗೆ ಚರಂಡಿಯಿಲ್ಲ, ಕುಡಿಯುವ ನೀರಿಲ್ಲ, ಜ್ವರ ಬಂದರೆ ಡಾಕ್ಟರಿಲ್ಲ. ಈ ಹನಿ ಮಾತ್ರ ಬಿಟ್ಟಿಯಾಗಿ, ಕರೆಯದೆ, ಮನೆ ಬಾಗಿಲಿಗೇ ಏಕೆ ಬರುತ್ತದೆ? ಇದು ಅಜ್ಞಾನದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ಬಹುಕಾಲ ಕೊಟ್ಟಿರಲಿಲ್ಲ. ಹತ್ತಾರು ಸಲ ಹನಿ ಹಾಕಿಸಿಕೊಂಡ ಮಗುವಿಗೂ ಕೆಲವೊಮ್ಮೆ ಪೋಲಿಯೋ ಬಂದದ್ದುಂಟು. ಭೇದಿ ಮತ್ತು ಕೊಳಕು ಹೆಚ್ಚಿರುವ ಕಡೆ ಹನಿ ಹೊಟ್ಟೆಯಲ್ಲಿ ಸರಿಯಾಗಿ ನಾಟುವುದಿಲ್ಲ ಎಂದು ವಿಜ್ಞಾನಿಗಳು ಬಳಿಕ ವಿವರಿಸಿದರು. ಆದರೆ ಓಣಿಯಲ್ಲಿ ಅದು "ಹನಿಯಿಂದಲೇ ಬಂತು" ಎಂಬ ಮಾತಾಯಿತು.

ಬಾಗಿಲು ತೆರೆದದ್ದು ಹೇಗೆ

ಇಲ್ಲಿ ರೋಟರಿಯವರು ಮತ್ತು ಅವರ ಜೊತೆಗಾರರು ಕಲಿತ ಪಾಠವೇ ಈ ಇತಿಹಾಸದ ಸಾರ. ಕೋಟು ಹಾಕಿದವರು ಮುಂದೆ ನಿಂತು ಮಾತಾಡಿದರೆ ಬಾಗಿಲು ತೆರೆಯುವುದಿಲ್ಲ ಎಂದು ಅವರಿಗೆ ಅರಿವಾಯಿತು. ಆ ಓಣಿಯವರೇ ಮುಂದೆ ಬರಬೇಕಿತ್ತು, ಕ್ಲಬ್ಬು ಬೆನ್ನಿಗಿರಬೇಕಿತ್ತು.

ಯುನಿಸೆಫ್ 2001ರಿಂದ ಕಟ್ಟಿದ ಜಾಲದಲ್ಲಿ ಅದೇ ಮೊಹಲ್ಲಾದ ಸಾವಿರಾರು ಹೆಣ್ಣುಮಕ್ಕಳು ಕಾರ್ಯಕರ್ತೆಯರಾದರು. ಅವರಲ್ಲಿ ಎಷ್ಟೋ ಮಂದಿ ಬುರ್ಖಾ ತೊಟ್ಟು ಮೊದಲ ಬಾರಿಗೆ ಕೆಲಸಕ್ಕಾಗಿ ಮನೆಯಿಂದ ಹೊರಬಂದವರು. ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾವ ಮನೆಯ ಅತ್ತೆ ಬೇಡವೆನ್ನುತ್ತಾಳೆ ಎಂಬುದು ಅವರ ಪುಸ್ತಕದಲ್ಲಿ ಇರುತ್ತಿತ್ತು. ಮಕ್ಕಳೇ ಗುಂಪು ಕಟ್ಟಿ ಪೀಪಿ ಊದುತ್ತಾ ಬೂತಿಗೆ ಕರೆಯುವ 'ಬುಲಾವಾ ಟೋಲಿ'ಗಳು ಹುಟ್ಟಿದವು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಒಲ್ಲದ ಮನೆಗಳಿಗೆ ಹೋಗಿ ಕೂತು ಮಾತಾಡಿದರು.

ರೋಟರಿ ಉತ್ತರ ಪ್ರದೇಶದಲ್ಲಿ ಮುಸ್ಲಿಂ ಉಲಮಾ ಸಮಿತಿಯನ್ನು ರಚಿಸಿತು. ಲಖ್ನೋದ ಮೌಲಾನಾ ಖಾಲಿದ್ ರಶೀದ್ ಫರಂಗಿ ಮಹಲಿ ಅವರಂಥವರು ಅದರಲ್ಲಿ ಸೇರಿದರು. ಸಮಿತಿಯವರು ಮನವಿಗಳನ್ನು ಅಚ್ಚು ಹಾಕಿಸಿದರು, ಇಮಾಮರ ಸಭೆ ಕರೆದರು, ಸಂಶಯ ಇರುವವರ ಮನೆಗೆ ಹೋದರು. ಜುಮಾದ ದಿನ ಪೋಲಿಯೋ ಭಾನುವಾರದ ಪ್ರಕಟಣೆ ಮಸೀದಿಗಳಿಂದ ಕೇಳಿಬಂತು. ಇಮಾಮರು ತಮ್ಮ ಮಕ್ಕಳಿಗೇ ಎಲ್ಲರೆದುರು ಹನಿ ಹಾಕಿಸಿದ್ದು ಸಾವಿರ ಮಾತಿಗೆ ಸಮನಾಯಿತು. ಆ ಓಣಿಗಳಲ್ಲಿ ಇದೇ ಮಾತನ್ನು ಎಷ್ಟೋ ವರ್ಷ ಆರೋಗ್ಯ ಇಲಾಖೆಯವರೂ ಹೇಳಿದ್ದರು. ವ್ಯತ್ಯಾಸವೆಂದರೆ, ತಮ್ಮ ಮಗುವಿನ ಅಖೀಖಾಕ್ಕೆ ಬಂದಿದ್ದ, ತಮ್ಮ ತಂದೆಯ ಜನಾಝಾ ನಮಾಝಿಗೆ ನಿಂತಿದ್ದ ಮನುಷ್ಯ ಅದನ್ನೀಗ ಹೇಳಿದ.

ತಾಯಂದಿರ ಆ ಇನ್ನೊಂದು ಪ್ರಶ್ನೆಗೂ ಉತ್ತರ ಹುಡುಕಲಾಯಿತು. ಹನಿಯ ಜೊತೆ ಆರೋಗ್ಯ ಶಿಬಿರ, ಸಾಮಾನ್ಯ ಕಾಯಿಲೆಗೆ ಔಷಧಿ ಬಂದವು. 2009ರಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ ಅತಿ ಅಪಾಯದ 107 ಬ್ಲಾಕುಗಳನ್ನು ಗುರುತಿಸಿ ಕೈ ತೊಳೆಯುವುದು, ಎದೆಹಾಲು, ಭೇದಿಗೆ ಔಷಧಿ, ಶುಚಿಯಾದ ನೀರು ಇವನ್ನೂ ಸೇರಿಸಿಕೊಂಡರು. ಊರೂರು ಅಲೆಯುವ ಇಟ್ಟಿಗೆ ಭಟ್ಟಿಯ ಕೂಲಿಗಳ ಮಕ್ಕಳನ್ನು ರೈಲು ನಿಲ್ದಾಣಗಳಲ್ಲಿ ಹುಡುಕಿದರು. 2010ರಲ್ಲಿ ಹೆಚ್ಚು ಪರಿಣಾಮಕಾರಿಯಾದ ಹೊಸ ಬಗೆಯ ಹನಿಯೂ ಬಂತು. ಪೋಲಿಯೋದಿಂದ ಆಗಲೇ ಕಾಲು ಸೊಟ್ಟಗಾದವರಿಗೆ ಶಸ್ತ್ರಚಿಕಿತ್ಸೆಯ ಶಿಬಿರಗಳನ್ನು ರೋಟರಿ ಕ್ಲಬ್ಬುಗಳು ನಡೆಸಿದವು.

ಫಲ ಅಂಕಿಗಳಲ್ಲೇ ಇದೆ. 2009ರಲ್ಲಿ ದೇಶದಲ್ಲಿ 741 ಪ್ರಕರಣ, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಆ ವರ್ಷದ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹೆಣ್ಣುಮಗುವೊಂದರ ಕಾಲಿನ ಬಲ ಹೋಯಿತು. ಅವಳಿಗೆ ಹನಿ ಹಾಕಿಸಿರಲಿಲ್ಲ. ಅವಳ ನಂತರ ಈ ದೇಶದಲ್ಲಿ ಮೂಲ ಪೋಲಿಯೋ ವೈರಸ್ಸಿನಿಂದ ಯಾವ ಮಗುವೂ ಕಾಲು ಕಳೆದುಕೊಂಡಿಲ್ಲ. 2014ರ ಮಾರ್ಚ್ 27ರಂದು ಭಾರತವಿರುವ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು.

ಹಜ್ಜಿನ ದಾರಿಯ ಎರಡು ಹನಿ

ಈಗ ದಾದಾರ ಎರಡು ಹನಿಯ ಪ್ರಶ್ನೆಗೆ ಬರೋಣ. 2003ರಲ್ಲಿ ನೈಜೀರಿಯಾದ ಕಾನೋ ಮುಂತಾದ ಉತ್ತರ ರಾಜ್ಯಗಳು ಪೋಲಿಯೋ ಲಸಿಕೆಯನ್ನು ನಿಲ್ಲಿಸಿದವು. ಅಲ್ಲಿಯೂ ಅದೇ ಪುಕಾರು, ಅಲ್ಲಿಯೂ ಅದರ ಹಿಂದೆ ಒಂದು ಗಾಯ: 1996ರಲ್ಲಿ ಮೆದುಳು ಜ್ವರ ಹಬ್ಬಿದ್ದಾಗ ವಿದೇಶಿ ಔಷಧ ಕಂಪನಿಯೊಂದು ಕಾನೋದ ಮಕ್ಕಳ ಮೇಲೆ ಹೊಸ ಔಷಧಿಯ ಪ್ರಯೋಗ ಮಾಡಿತ್ತು. ಕೊನೆಗೆ ಮುಸ್ಲಿಂ ದೇಶವಾದ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ತರಿಸಿ 2004ರಲ್ಲಿ ಕಾನೋ ಮತ್ತೆ ಆರಂಭಿಸಿತು. ಅಷ್ಟರಲ್ಲಿ ವೈರಸ್ ಹತ್ತಾರು ದೇಶಗಳನ್ನು ದಾಟಿತ್ತು. ಸೌದಿ ಅರೇಬಿಯಾದಲ್ಲಿ ಪತ್ತೆಯಾಯಿತು; 2005ರಲ್ಲಿ ಯೆಮೆನ್ ಮತ್ತು ಅದೇ ಇಂಡೋನೇಷ್ಯಾದಲ್ಲಿ ನೂರಾರು ಮಕ್ಕಳನ್ನು ಕೆಡವಿತು.

ಆರೋಗ್ಯವಂತನಾಗಿ ಕಾಣುವ ದೊಡ್ಡವನೂ ವೈರಸ್ಸನ್ನು ಹೊತ್ತೊಯ್ಯಬಲ್ಲ. ಜಗತ್ತಿನ ಎಲ್ಲ ಮೂಲೆಗಳ ಜನ ಒಂದೇ ಮೈದಾನದಲ್ಲಿ ಸೇರಿ, ಒಂದೇ ನಲ್ಲಿಯಲ್ಲಿ ವುಝೂ ಮಾಡಿ, ಮತ್ತೆ ತಮ್ಮ ತಮ್ಮ ಊರಿಗೆ ಮರಳುವ ಜಾಗ ಹಜ್. ಆದ್ದರಿಂದಲೇ ಸೌದಿ ಸರಕಾರ ಕೆಲವು ದೇಶಗಳ ಯಾತ್ರಿಕರಿಗೆ ಪೋಲಿಯೋ ಹನಿಯನ್ನು ಕಡ್ಡಾಯ ಮಾಡಿತು. ದಾದಾರ ಬಾಯಿಗೆ ಬೀಳುವ ಹನಿ ದಾದಾರಿಗಾಗಿ ಅಲ್ಲ. ಮೀನಾದ ಪಕ್ಕದ ಡೇರೆಯಲ್ಲಿರುವ ಯಾರದೋ ಮನೆಯ ಮೊಮ್ಮಗುವಿಗಾಗಿ.

ಕೆಲಸ ಇನ್ನೂ ಮುಗಿದಿಲ್ಲ. ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿ ಮೂಲ ವೈರಸ್ ಇನ್ನೂ ಇದೆ. ಅಬ್ಬೋಟಾಬಾದಿನಲ್ಲಿ 2011ರಲ್ಲಿ ಅಮೆರಿಕದ ಗುಪ್ತಚರರು ಸುಳ್ಳು ಲಸಿಕೆ ಕಾರ್ಯಕ್ರಮವನ್ನು ಬೇಹುಗಾರಿಕೆಗೆ ಬಳಸಿದ ಸುದ್ದಿ ಹೊರಬಿದ್ದ ಮೇಲೆ ಅಲ್ಲಿ ನಂಬಿಕೆ ಇನ್ನಷ್ಟು ಮುರಿಯಿತು. ಅದರ ಬೆಲೆ ತೆತ್ತವರು ಹನಿ ಹಾಕಲು ಹೋಗಿ 2012ರ ಡಿಸೆಂಬರಿನಲ್ಲಿ ಗುಂಡಿಗೆ ಬಲಿಯಾದ ಬಡ ಹೆಣ್ಣುಮಕ್ಕಳು. 2024ರಲ್ಲಿ ಗಾಝಾದಲ್ಲಿ, 25 ವರ್ಷಗಳ ನಂತರ ಮೊದಲ ಬಾರಿ, ಹತ್ತು ತಿಂಗಳ ಮಗುವೊಂದಕ್ಕೆ ಪೋಲಿಯೋ ಬಡಿಯಿತು. ಲಸಿಕೆ ನಿಂತುಹೋದ, ಚರಂಡಿ ಒಡೆದ ಕಡೆ, ಹನಿಯಲ್ಲಿರುವ ದುರ್ಬಲ ವೈರಸ್ಸೇ ಮಗುವಿನಿಂದ ಮಗುವಿಗೆ ದಾಟುತ್ತಾ ಮತ್ತೆ ಬಲ ಪಡೆಯುವುದುಂಟು. ಗಾಝಾದಲ್ಲಿ ಆದದ್ದು ಅದೇ. ಬಾಂಬು ಬೀಳುತ್ತಿದ್ದ ಆ ನೆಲದಲ್ಲಿ ಕೆಲವು ಗಂಟೆಗಳ ಬಿಡುವು ಪಡೆದು, ಮೊದಲ ಸುತ್ತಿನಲ್ಲೇ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಹಾಕಲಾಯಿತು. ತಾಯಂದಿರು ಸಾಲಿನಲ್ಲಿ ನಿಂತು ಹಾಕಿಸಿಕೊಂಡರು.

ನಮ್ಮ ಸಂಘಗಳಿಗೆ ಒಂದು ಮಾತು

ಪ್ರವಾದಿ ಮುಹಮ್ಮದ್(ಸ)ರ ಯೌವನದ ಒಂದು ಘಟನೆಯನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ. ಮಕ್ಕಾದಲ್ಲಿ ಯೆಮೆನಿನ ವ್ಯಾಪಾರಿಯೊಬ್ಬನ ಸರಕು ಪಡೆದು ಹಣ ಕೊಡದೆ ಮೋಸ ಮಾಡಿದಾಗ, ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಕೆಲವು ಮನೆತನಗಳ ಜನ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ ಅವನ ಪರ ನಿಲ್ಲುವ ಒಪ್ಪಂದ ಮಾಡಿಕೊಂಡರು. ಅದೇ ಹಿಲ್‌ಫುಲ್ ಫುದೂಲ್. ಪ್ರವಾದಿತ್ವಕ್ಕಿಂತ ಮುಂಚೆ ಪ್ರವಾದಿ(ಸ) ಅದರಲ್ಲಿ ಭಾಗಿಯಾಗಿದ್ದರು, ಮುಂದೆಯೂ ಅದನ್ನು ಸಂತೋಷದಿಂದ ನೆನೆದು, ಅಂಥ ಕರೆ ಬಂದರೆ ಈಗಲೂ ಓಗೊಡುವೆನೆಂದರು. ಕರೆದವರು ಯಾರು ಎಂದಷ್ಟೇ ಕೇಳಿ ಸುಮ್ಮನಾಗದೆ, ಕೆಲಸ ಏನು ಎಂಬುದನ್ನೂ ಕೇಳಲು ಇದು ನಮಗೆ ಕಲಿಸುತ್ತದೆ.

ಇಂದು ನಮ್ಮ ಊರೂರಿನಲ್ಲಿ ಯುವಕರ ಸಂಘಗಳಿವೆ. ರಕ್ತದಾನ, ಆಂಬುಲೆನ್ಸ್, ರಮಝಾನ್ ಕಿಟ್, ಕೋವಿಡ್ ಕಾಲದಲ್ಲಿ ಯಾರೂ ಮುಟ್ಟದ ಮಯ್ಯಿತ್‌ಗಳ ದಫನ. ಇವು ಸಣ್ಣ ಕೆಲಸಗಳಲ್ಲ. ಈ ಸಂಘಗಳಿಗೆ ರೋಟರಿಯ ಇತಿಹಾಸದಿಂದ ನಾವು ಮೂರು ಮಾತು ಹೇಳಬಯಸುತ್ತೇವೆ.

ಒಂದು, ಊರಿಗೆ ನಿಜವಾಗಿ ಏನು ಬೇಕು ಎಂದು ಮೊದಲು ಕೇಳಿ. ಶಿಕಾಗೋಗೆ ಬೇಕಾಗಿದ್ದದ್ದು ಶೌಚಾಲಯ. ನಮ್ಮ ಓಣಿಗೆ ಬೇಕಾಗಿರುವುದು ಬಹುಶಃ ಒಡೆದ ಚರಂಡಿಯ ದುರಸ್ತಿ ಅಥವಾ ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಪಾಠ. ಎರಡು, ಹಿಡಿದ ಕೆಲಸವನ್ನು ಫೋಟೋ ತೆಗೆಸಿಕೊಂಡ ದಿನಕ್ಕೆ ಬಿಡಬೇಡಿ. ಪೋಲಿಯೋ ಕೆಲಸಕ್ಕೆ 1979ರಲ್ಲಿ ಹೆಗಲು ಕೊಟ್ಟವರು ನಾಲ್ಕು ದಶಕ ದಾಟಿದರೂ ಇಳಿಸಿಲ್ಲ, ಇದುವರೆಗೆ 200 ಕೋಟಿ ಡಾಲರಿಗೂ ಹೆಚ್ಚು ಅದಕ್ಕೆ ಕೊಟ್ಟಿದ್ದಾರೆ. ಮೂರು, ಬೇಡವೆಂದವರನ್ನು ಮೂಢರೆಂದು ಬೈಯುವ ಮೊದಲು ಅವರು ಏಕೆ ಬೇಡವೆಂದರು ಎಂದು ಕೂತು ಕೇಳಿ. ಅವರ ಭಯದ ಹಿಂದೆ ಒಂದು ಹಳೆಯ ಗಾಯ ಇರುತ್ತದೆ. ಗಾಯಕ್ಕೆ ಮದ್ದು ಹಾಕದೆ ಪುಕಾರು ಹೋಗುವುದಿಲ್ಲ.

ಪೋಷಕರಾದ ನಮ್ಮ ಮೇಲೂ ಒಂದು ಹೊಣೆಯಿದೆ. ಪೋಲಿಯೋ ನಮ್ಮ ದೇಶದಲ್ಲಿಲ್ಲ ಎಂದು ಹನಿ ಬಿಡುವಂತಿಲ್ಲ. ಗಡಿಯಾಚೆ ಅದು ಬದುಕಿದೆ. ದಡಾರದಂಥ ರೋಗಗಳ ಲಸಿಕೆಯ ವಿಷಯದಲ್ಲಿ ವಾಟ್ಸ್ಆ್ಯಪಿನಲ್ಲಿ ಇಂದಿಗೂ ಅದೇ ಹಳೆಯ ಸುಳ್ಳುಗಳು ಹೊಸ ಅಂಗಿ ತೊಟ್ಟು ಬರುತ್ತವೆ. ಅವುಗಳನ್ನು ಮುಂದಕ್ಕೆ ಕಳಿಸುವ ಮೊದಲು ನಂಬಿಕಸ್ತ ವೈದ್ಯರನ್ನೊಮ್ಮೆ ಕೇಳೋಣ. ಮಗು ನಮ್ಮ ಕೈಯಲ್ಲಿರುವ ಅಮಾನತ್. ಅದರ ಕಾಲಿನ ಬಲಕ್ಕೆ ನಾವು ಜವಾಬು ಕೊಡಬೇಕು.

ಮುಂದಿನ ಹಜ್ ಶಿಬಿರದಲ್ಲಿ ಮೊಮ್ಮಕ್ಕಳು ನಕ್ಕು ಕೇಳಿದರೆ, ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆಯನ್ನು ಹೇಳೋಣ. ಮೊರಾದಾಬಾದಿನ ಓಣಿಗಳಲ್ಲಿ ಬಿಸಿಲಿಗೆ ನಡೆದ ಆ ಹೆಣ್ಣುಮಕ್ಕಳನ್ನೂ ಹೌರಾದ ಆ ಪುಟ್ಟ ಮಗುವನ್ನೂ ನೆನೆದು ಒಂದು ದುಆ ಮಾಡೋಣ.